20 ಲಕ್ಷಕ್ಕೆ ಎರಡು ಬಗೆಯ ಕಾರು



ಮದುವೆ ಮನೆಯ ಪಂಕ್ತಿಯಲ್ಲಾಗಲಿ, ಬ್ಯಾಂಕಿನ ಸರದಿಯಲ್ಲಾಗಲಿ, ನನ್ನ ಕಸುಬು ಗೊತ್ತಿದ್ದವರು ಈಚೆಗೆ ಕೇಳುವ ಪ್ರಶ್ನೆ ಒಂದೇ. "ಸಾರ್, ಕೈಯಲ್ಲಿ 20–22 ಲಕ್ಷ ಇದೆ. ಹೊಸ ಎಸ್‌ಯುವಿ ತಗೊಳ್ಳೋದಾ, ಇಲ್ಲ ಅದೇ ದುಡ್ಡಿಗೆ ಐದು ವರ್ಷ ಓಡಿರೋ ಬೆಂಜ್ ತಗೊಳ್ಳೋದಾ?" ನಾನು ವಾಹನ ವಿಮೆಯ ಸರ್ವೇಯರ್. ಗುದ್ದಿಕೊಂಡ, ನೀರಿಗೆ ಸಿಕ್ಕ, ಸುಟ್ಟ ಕಾರುಗಳನ್ನು ನೋಡಿ ನಷ್ಟ ಇಷ್ಟು ಎಂದು ಬರೆದುಕೊಡುವವನು. ಕಾರು ಮಾರುವವರಿಗೆ ಗೊತ್ತಿರುವುದಕ್ಕಿಂತ ಕಾರಿನ ಕಷ್ಟಕಾಲ ನನಗೆ ಹೆಚ್ಚು ಗೊತ್ತು. ಹಾಗಾಗಿ ನನ್ನ ಉತ್ತರ ಸ್ವಲ್ಪ ಅನುಮಾನದ ಕಡೆಗೇ ವಾಲುತ್ತದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಾತಿನ ನಡುವೆ ಕೆಲವು ಕಂಪನಿಗಳ ಹೆಸರು ಬರುತ್ತದೆ. ಅದು ಉದಾಹರಣೆಗೆ ಮಾತ್ರ, ಯಾವುದೂ ಶಿಫಾರಸ್ಸಲ್ಲ.

ಬೆಂಗಳೂರಿನ ಮಟ್ಟಿಗೆ ಈ ಎರಡೂ ಲೋಕ ನಮ್ಮ ಅಕ್ಕಪಕ್ಕದಲ್ಲೇ ಇವೆ. ಮೈಸೂರು ರಸ್ತೆಯ ಬಿಡದಿಯಲ್ಲಿ ಟೊಯೋಟ ಕಾರ್ಖಾನೆ. ಇನ್ನೋವಾ ಹೈಕ್ರಾಸ್, ಫಾರ್ಚುನರ್ ಹೊರಬರುವುದು ಅಲ್ಲಿಂದ. ಊರಿನ ಇನ್ನೊಂದು ತುದಿಯ ಹೊಸಕೋಟೆಯಲ್ಲಿ 2017ರಿಂದ ವೋಲ್ವೊದ ಐಷಾರಾಮಿ ಎಸ್‌ಯುವಿಗಳನ್ನು ಜೋಡಿಸುತ್ತಾರೆ. ಹೊಸದಾಗಿ ಹೊರಬಿದ್ದ ದಿನ ಒಂದಕ್ಕೂ ಇನ್ನೊಂದಕ್ಕೂ ಬೆಲೆಯಲ್ಲಿ ಅಜಗಜಾಂತರ. ನಾಲ್ಕೈದು ವರ್ಷ ಕಳೆಯಲಿ, ಜಾಹೀರಾತಿನ ಒಂದೇ ಪುಟದಲ್ಲಿ ಎರಡೂ ಒಂದೇ ಬೆಲೆಗೆ ನಿಂತಿರುತ್ತವೆ. ಆಸೆ ಹುಟ್ಟುವುದೇ ಅಲ್ಲಿ.

ಆಸೆಗೆ ಕಾರಣವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಕರ್ನಾಟಕದಲ್ಲಂತೂ ಹಳೆಯ ಐಷಾರಾಮಿ ಕಾರಿನ ಪರವಾಗಿ ನಿಲ್ಲುವ ಅತಿ ಗಟ್ಟಿ ವಾದ ತೆರಿಗೆಯದು. ನಮ್ಮ ರಾಜ್ಯದ ಜೀವಾವಧಿ ತೆರಿಗೆ ದೇಶದಲ್ಲೇ ಹೆಚ್ಚಿನದರ ಸಾಲಿಗೆ ಸೇರುತ್ತದೆ. 10 ಲಕ್ಷದಿಂದ 20 ಲಕ್ಷದ ತನಕದ ಕಾರಿಗೆ ಶೇ. 17, 20 ಲಕ್ಷ ದಾಟಿದರೆ ಶೇ. 18, ಆ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್ಸು. ಷೋರೂಂ ಬೆಲೆ 18 ಲಕ್ಷದ ಹೊಸ ಎಸ್‌ಯುವಿ ಹಿಡಿಯಿರಿ. ತೆರಿಗೆ 3 ಲಕ್ಷದ 6 ಸಾವಿರ, ಸೆಸ್ಸು ಸೇರಿ ಸುಮಾರು 3 ಲಕ್ಷ 40 ಸಾವಿರ. ಈ ದುಡ್ಡು ಕಾರಿನ ಒಂದು ನಟ್ಟಿನಲ್ಲೂ ಇಲ್ಲ. ಗೇಟು ದಾಟಿದ ಕೂಡಲೇ ಹೋಯಿತು. ಈಗ 50 ಲಕ್ಷದ ಕಾರನ್ನು ಹೊಸದಾಗಿ ಕೊಂಡ ಮೊದಲ ಯಜಮಾನನ ಲೆಕ್ಕ ನೋಡಿ. ಅವನು ಕಟ್ಟಿದ್ದು 10 ಲಕ್ಷಕ್ಕೆ ಒಂದು ಸಾವಿರ ಕಡಿಮೆ. ಆ ಕಾರನ್ನು ನೀವು ಐದು ವರ್ಷದ ನಂತರ ಕರ್ನಾಟಕದ ನೋಂದಣಿಯಲ್ಲೇ ಕೊಂಡರೆ, ಆ ತೆರಿಗೆ ನಿಮಗೆ ಬಿಟ್ಟಿ. ಯಾರದೋ ಜೇಬಿನಿಂದ ಹೋದ 10 ಲಕ್ಷದ ಮೇಲೆ ನೀವು ಕೂತು ಓಡಾಡುತ್ತೀರಿ.

ಹಾಗಾದರೆ ಐಷಾರಾಮಿ ಕಾರಿನ ಬೆಲೆ ಅಷ್ಟೊಂದು ಬೀಳುವುದೇಕೆ? ವಿಮೆಯ ಪಟ್ಟಿಯಲ್ಲಿ ಎಲ್ಲ ಕಾರಿಗೂ ಸವಕಳಿ ಒಂದೇ. ಎರಡನೇ ವರ್ಷ ಶೇ. 20, ಮೂರನೇ ವರ್ಷ 30, ನಾಲ್ಕಕ್ಕೆ 40, ಐದನೇ ವರ್ಷ ಶೇ. 50. ಮಾರುಕಟ್ಟೆ ಮಾತ್ರ ಈ ಪಟ್ಟಿಯನ್ನು ಓದುವುದಿಲ್ಲ. ಹಳೆಯ ಇನ್ನೋವಾಕ್ಕೆ ಗಿರಾಕಿ ಬಾಗಿಲಲ್ಲೇ ನಿಂತಿರುತ್ತಾನೆ, ಬೆಲೆ ಇಳಿಯಲು ಬಿಡುವುದಿಲ್ಲ. ಐಷಾರಾಮಿ ಕಾರಿನ ಕತೆ ಬೇರೆ. ಹೊಸದನ್ನು ಕೊಳ್ಳುವ ತಾಕತ್ತು ಇದ್ದವನು ಹಳೆಯದರ ಕಡೆ ತಿರುಗಿಯೂ ನೋಡುವುದಿಲ್ಲ. ಹಳೆಯದನ್ನು ಕೊಳ್ಳಬಲ್ಲವನಿಗೆ ರಿಪೇರಿಯ ಭಯ. ಇವರಿಬ್ಬರ ನಡುವೆ ಬೆಲೆ ಕುಸಿಯುತ್ತದೆ. ಹೇಳಬೇಕಾದ ಮಾತೆಂದರೆ, ಆ ಭಯ ಸುಳ್ಳಲ್ಲ.

ಕಾರಿನ ಬೆಲೆ 50 ಲಕ್ಷದಿಂದ 20 ಲಕ್ಷಕ್ಕೆ ಇಳಿದಿರಬಹುದು, ಅದರ ಹೆಡ್‌ಲೈಟಿನ ಬೆಲೆ ಇಳಿದಿಲ್ಲ. ಬಿಡಿಭಾಗದ ಅಂಗಡಿಯವನಿಗೆ ನೀವು ಎಷ್ಟಕ್ಕೆ ಕೊಂಡಿರಿ ಅನ್ನುವುದು ಬೇಕಾಗಿಲ್ಲ, ಅವನ ಪಾಲಿಗೆ ಅದು ಇವತ್ತಿಗೂ 50 ಲಕ್ಷದ ಕಾರೇ. ಸರ್ವೀಸಿನ ಗಂಟೆ ಲೆಕ್ಕದ ಕೂಲಿಯೂ ಹಾಗೇ. ನಾನು ದಿನವೂ ನೋಡುವ ಎಸ್ಟಿಮೇಟುಗಳಲ್ಲಿ ಜರ್ಮನ್ ಕಾರಿನ ಒಂದು ಎಲ್‌ಇಡಿ ಹೆಡ್‌ಲೈಟ್ ಲಕ್ಷ ರೂಪಾಯಿ ದಾಟುವುದು ಸುದ್ದಿಯೇ ಅಲ್ಲ. ಒಳಗೆ ಕೆಟ್ಟದ್ದು ಒಂದು ಸಣ್ಣ ಮಾಡ್ಯೂಲ್ ಇರಬಹುದು. ಆದರೆ ಬರುವುದು ಇಡೀ ಅಸೆಂಬ್ಲಿ. ಬಂದದ್ದನ್ನು ಬೋಲ್ಟು ಬಿಗಿದರೆ ಮುಗಿಯಲಿಲ್ಲ, ಕಂಪ್ಯೂಟರ್ ಸಿಕ್ಕಿಸಿ ಕೋಡಿಂಗ್ ಮಾಡಬೇಕು. ಬ್ಯಾಟರಿ ಬದಲಿಸಿದರೂ ಕೆಲವು ಕಾರುಗಳಲ್ಲಿ "ಹೊಸದು ಹಾಕಿದ್ದೇವೆ" ಎಂದು ಕಾರಿಗೆ ದಾಖಲಿಸಿ ತಿಳಿಸಬೇಕು, ಇಲ್ಲದಿದ್ದರೆ ಅದು ಹಳೆಯ ಬ್ಯಾಟರಿ ಎಂದೇ ತಿಳಿದು ಚಾರ್ಜ್ ಮಾಡುತ್ತದೆ. ಬೀದಿ ತುದಿಯ ಮೇಸ್ತ್ರಿ ಎಷ್ಟೇ ಪಳಗಿದವನಾದರೂ ಆ ಸಾಫ್ಟ್‌ವೇರ್ ಇಲ್ಲದೆ ಏನು ಮಾಡಿಯಾನು?

ಇನ್ನು ಟೈರು. ಕೆಲವು ಐಷಾರಾಮಿ ಕಾರುಗಳಿಗೆ ರನ್‌ಫ್ಲ್ಯಾಟ್ ಟೈರು. ಗಾಳಿ ಹೋದರೂ ಒಂದಿಷ್ಟು ದೂರ ಓಡುತ್ತದೆ ಎಂಬ ಭರವಸೆಯ ಮೇಲೆ ಸ್ಟೆಪ್ನಿಯನ್ನೇ ಕೊಟ್ಟಿರುವುದಿಲ್ಲ. 18–19 ಇಂಚಿನ ರಿಮ್ಮು, ಅದರ ಸುತ್ತ ತೆಳ್ಳನೆಯ ಟೈರು, ಅದರ ಕೆಳಗೆ ನಮ್ಮ ರಸ್ತೆ ಗುಂಡಿ. ಪಕ್ಕದ ಗೋಡೆಯಲ್ಲಿ ಗುಳ್ಳೆ ಎದ್ದರೆ ಪಂಕ್ಚರ್ ಹಾಕಿಸಿ ಪ್ರಯೋಜನವಿಲ್ಲ, ಬದಲಿಸಲೇಬೇಕು. ನಾಲ್ಕನ್ನೂ ಬದಲಿಸಿದರೆ ಲಕ್ಷದ ಆಸುಪಾಸು. ಏರ್ ಸಸ್ಪೆನ್ಷನ್ ಇರುವ ಕಾರು ಬೆಳಿಗ್ಗೆ ಎದ್ದು ನೋಡಿದರೆ ಒಂದು ಮೂಲೆಗೆ ಕುಸಿದು ಕೂತಿತ್ತೆಂದರೆ ಆ ತಿಂಗಳ ಸಂಬಳ ಮರೆತಂತೆ. ರಬ್ಬರ್ ಬುಷ್, ಕೂಲೆಂಟ್ ಹರಿಯುವ ಪ್ಲಾಸ್ಟಿಕ್ ಕೊಳವೆ, ಸೀಲುಗಳು ಸವೆಯುವುದು ಕಿಲೋಮೀಟರಿನಿಂದ ಮಾತ್ರವಲ್ಲ, ವಯಸ್ಸಿನಿಂದಲೂ. "ಸಾರ್, ಬರೀ 30 ಸಾವಿರ ಓಡಿದೆ" ಎಂದು ಬ್ರೋಕರ್ ಹೇಳುವಾಗ ಇದನ್ನು ನೆನಪಿಡಿ. ಎಂಟು ವರ್ಷದ ರಬ್ಬರ್ ಎಂಟು ವರ್ಷದ್ದೇ.

ಮೂಗಿಗಿಂತ ಮೂಗುತಿ ಭಾರ ಅನ್ನುತ್ತೇವಲ್ಲ, ಅದು ಇದೇ.

ಡೀಸೆಲ್ ಇಷ್ಟಪಡುವವರಿಗೆ ಇನ್ನೊಂದು ಮಾತು. 2020ರ ಏಪ್ರಿಲ್‌ನಿಂದ ಬಿಎಸ್ 6 ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿದಿಡುವ ಡಿಪಿಎಫ್ ಎಂಬ ಶೋಧಕ ಕೂತಿದೆ. ಐಷಾರಾಮಿ ಡೀಸೆಲ್‌ಗಳಲ್ಲಿ ಅದಕ್ಕೂ ಮೊದಲೇ ಇದ್ದದ್ದುಂಟು. ಮಸಿ ತುಂಬಿದಾಗ ಅದು ತನ್ನನ್ನು ತಾನೇ ಕಾಯಿಸಿಕೊಂಡು ಸುಟ್ಟುಹಾಕಬೇಕು. ಅದಕ್ಕೆ ಹೆದ್ದಾರಿಯ ಒಂದೇ ಸಮನೆ ಓಟ ಬೇಕು. 2023ರ ಟಾಮ್‌ಟಾಮ್ ವರದಿಯ ಪ್ರಕಾರ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಹೋಗಲು ಸರಾಸರಿ 28 ನಿಮಿಷ 10 ಸೆಕೆಂಡ್. ಈ ಆಮೆ ನಡಿಗೆಯಲ್ಲಿ ಡಿಪಿಎಫ್ ಕಟ್ಟಿಕೊಳ್ಳದೆ ಇನ್ನೇನಾಗುತ್ತದೆ? ಮನೆ ಜಯನಗರ, ಕಚೇರಿ ಎಂ.ಜಿ. ರಸ್ತೆ, ವರ್ಷಕ್ಕೆ ಎರಡು ಸಲ ಧರ್ಮಸ್ಥಳ ಎನ್ನುವವರಿಗೆ ಡೀಸೆಲ್ ಬೇಡ. ಹೊಸದಾಗಲಿ ಹಳೆಯದಾಗಲಿ ಬೇಡ. ಪೆಟ್ರೋಲಿನಲ್ಲೂ ಒಂದು ತೊಡಕು ಬಂದಿದೆ. ಬಂಕಿನಲ್ಲಿ ಈಗ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲು. 2023ರ ಏಪ್ರಿಲ್ ಆದಮೇಲೆ ತಯಾರಾದ ಕಾರುಗಳನ್ನು ಅದಕ್ಕೆ ಹೊಂದುವಂತೆ ಮಾಡಿದ್ದಾರೆ. 2018ರ ಕಾರು ಕೊಳ್ಳುವವರು ಟ್ಯಾಂಕಿನ ಮುಚ್ಚಳದ ಒಳಗಿನ ಚೀಟಿಯನ್ನೂ ಮಾಲೀಕನ ಕೈಪಿಡಿಯನ್ನೂ ಓದಿಯೇ ತೀರ್ಮಾನಿಸಲಿ.

ನನ್ನ ಕಸುಬಿಗೆ ಹತ್ತಿರದ ವಿಷಯಕ್ಕೆ ಬರುತ್ತೇನೆ. 2022ರ ಸೆಪ್ಟೆಂಬರ್ ಮಳೆ ನಿಮಗೆ ನೆನಪಿರಬಹುದು. ಹೊರವರ್ತುಲ ರಸ್ತೆ ಕೆರೆಯಾಯಿತು. ಯಮಲೂರಿನ ಕಡೆ ಕೋಟಿ ಬೆಲೆಯ ವಿಲ್ಲಾಗಳ ಮುಂದೆ ದುಬಾರಿ ಕಾರುಗಳು ಬಾನೆಟ್ಟಿನ ತನಕ ಮುಳುಗಿ ನಿಂತಿದ್ದ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಅದಕ್ಕೂ ಮೊದಲು 2015ರ ಡಿಸೆಂಬರ್‌ನಲ್ಲಿ ಚೆನ್ನೈ. ಅಂಥ ಕಾರುಗಳ ಗತಿ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ರಿಪೇರಿ ಖರ್ಚು ವಿಮೆಯ ಮೌಲ್ಯದ ಮುಕ್ಕಾಲು ಪಾಲು ದಾಟಿದರೆ ಅದನ್ನು ಟೋಟಲ್ ಲಾಸ್ ಎಂದು ಬರೆಯುತ್ತೇವೆ. ವಿಮಾ ಕಂಪನಿ ಯಜಮಾನನಿಗೆ ದುಡ್ಡು ಕೊಡುತ್ತದೆ, ಕಾರು ಸಾಲ್ವೇಜ್ ಹರಾಜಿಗೆ ಹೋಗುತ್ತದೆ. ಹರಾಜಿನಲ್ಲಿ ಕೊಂಡವರೆಲ್ಲ ಅದನ್ನು ಗುಜರಿಗೇ ಹಾಕುತ್ತಾರೆ ಎಂದು ನಂಬುವಷ್ಟು ಮುಗ್ಧತೆ ನನ್ನಲ್ಲಿ ಉಳಿದಿಲ್ಲ. ತೊಳೆದು, ಒಣಗಿಸಿ, ಸುಗಂಧ ಹೊಡೆದು ಬೇರೆ ಊರಿನಲ್ಲಿ ನಿಲ್ಲಿಸುತ್ತಾರೆ.

ನೀರು ಕುಡಿದ ಸಾದಾ ಕಾರು ಹೇಗೋ ಚೇತರಿಸಿಕೊಂಡೀತು. ಐಷಾರಾಮಿ ಕಾರಿಗೆ ಅದು ದೀರ್ಘ ಕಾಯಿಲೆ. ಅದರಲ್ಲಿ ಕಂಟ್ರೋಲ್ ಯೂನಿಟ್‌ಗಳು ಹೆಚ್ಚು. ಎಷ್ಟೋ ಮಾದರಿಗಳಲ್ಲಿ ಬ್ಯಾಟರಿ ಡಿಕ್ಕಿಯ ತಳದಲ್ಲಿ, ವೈರುಗಳ ಕಂತೆ ಕಾರ್ಪೆಟ್ಟಿನ ಅಡಿಯಲ್ಲಿ. ಒಳಗಿನ ಕನೆಕ್ಟರುಗಳಿಗೆ ನಿಧಾನವಾಗಿ ಕಿಲುಬು ಹಿಡಿದು ಆರು ತಿಂಗಳಿಗೋ ವರ್ಷಕ್ಕೋ ಡ್ಯಾಷ್‌ಬೋರ್ಡಿನಲ್ಲಿ ಒಂದೊಂದೇ ದೀಪ ಹತ್ತಲು ಶುರು. ಹಾಗಾಗಿ ಕಾರು ನೋಡಲು ಹೋದವರು ಬಣ್ಣ ನೋಡುವ ಮೊದಲು ಸೀಟ್‌ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ಒಳಗೆ ಸುತ್ತಿಕೊಂಡಿರುವ ತುದಿಯ ಭಾಗವನ್ನು ತೊಳೆಯುವ ತಾಳ್ಮೆ ಯಾರಿಗೂ ಇರುವುದಿಲ್ಲ. ಅಲ್ಲಿ ಕೆಸರಿನ ಗೆರೆ ಕಂಡರೆ ಮುಂದಿನ ಮಾತೇ ಬೇಡ. ಡಿಕ್ಕಿಯ ಹಾಸನ್ನು ಎತ್ತಿ ಸ್ಟೆಪ್ನಿ ಗುಂಡಿಯನ್ನು, ಸೀಟಿನ ಕೆಳಗಿನ ಹಳಿಯ ತುಕ್ಕನ್ನು ನೋಡಿ. ಏಳು ವರ್ಷದ ಕಾರಿಗೆ ಹೊಚ್ಚ ಹೊಸ ಕಾರ್ಪೆಟ್ ಏಕೆ ಎಂದು ಕೇಳಿ. ಟೈರಿನ ಪಕ್ಕದಲ್ಲಿ ಒತ್ತಿರುವ ಸಂಕೇತದ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೀಟರಿನಲ್ಲಿ 22 ಸಾವಿರ ಕಿ.ಮೀ. ಇದ್ದೂ ಕಾರಿಗಿಂತ ನಾಲ್ಕು ವರ್ಷ ಚಿಕ್ಕ ಟೈರು ಇದ್ದರೆ, ಮೊದಲ ಸೆಟ್ ಅಷ್ಟು ಬೇಗ ಸವೆದದ್ದು ಹೇಗೆ? ಮೀಟರ್ ತಿರುಗಿಸುವ ಕಲೆ ಈಗ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕಂಪನಿಯ ವರ್ಕ್‌ಶಾಪಿನಲ್ಲಿ ಚಾಸಿ ನಂಬರ್ ಕೊಟ್ಟು ಸರ್ವೀಸ್ ದಾಖಲೆ ತೆಗೆಸಿದರೆ ಮಾತ್ರ ಗುಟ್ಟು ರಟ್ಟಾಗುತ್ತದೆ.

ದೆಹಲಿಯಿಂದ ಬರುವ ಅಗ್ಗದ ಕಾರುಗಳ ಮಾತು ಬೇರೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ, ಅದನ್ನು ಎತ್ತಿಹಿಡಿದು ಸುಪ್ರೀಂ ಕೋರ್ಟ್ 2018ರಲ್ಲಿ, ದೆಹಲಿ ಸುತ್ತಮುತ್ತ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ವಾಹನ ಓಡಿಸಬಾರದು ಎಂದವು. 2025ರಲ್ಲಿ ಸುಪ್ರೀಂ ಕೋರ್ಟ್ ಸ್ವಲ್ಪ ಸಡಿಲಿಸಿತು. ಆದರೂ ಆ ಅಂಜಿಕೆಯಿಂದ ಅಲ್ಲಿ ಎಂಟೊಂಬತ್ತು ವರ್ಷದ ಡೀಸೆಲ್ ಕಾರಿನ ಬೆಲೆ ಪಾತಾಳಕ್ಕೆ ಇಳಿದಿರುತ್ತದೆ. ಲಾರಿಯ ಮೇಲೆ ಏರಿ ದಕ್ಷಿಣಕ್ಕೆ ಬರುತ್ತವೆ. ಕಾರು ಅಗ್ಗ ಸರಿ, ಇಲ್ಲಿ ಮತ್ತೆ ನೋಂದಣಿಯಾಗಬೇಕಲ್ಲ. ಬೇರೆ ರಾಜ್ಯದ ಕಾರು 12 ತಿಂಗಳಿಗಿಂತ ಹೆಚ್ಚು ಇಲ್ಲೇ ಉಳಿದರೆ ಇಲ್ಲಿನ ನಂಬರ್ ಬೇಕು ಎನ್ನುತ್ತದೆ ಮೋಟಾರು ವಾಹನ ಕಾಯಿದೆಯ 47ನೇ ಕಲಂ. ನಮ್ಮ ಜೀವಾವಧಿ ತೆರಿಗೆಯನ್ನು ನೀವು ಕೊಂಡ ಬೆಲೆಯ ಮೇಲಲ್ಲ, ಅದು ಹೊಸದಾಗಿದ್ದಾಗಿನ ಬೆಲೆಯ ಮೇಲೆ, ವಯಸ್ಸಿಗೆ ತಕ್ಕಷ್ಟು ಕಳೆದು ಕಟ್ಟಬೇಕು. ಆಗಲೇ ಹೇಳಿದೆನಲ್ಲ, ಬಿಟ್ಟಿಯಾಗಿ ಸಿಗುವ ತೆರಿಗೆ ಎಂದು? ಅದು ಇಲ್ಲಿ ತಿರುಗುಬಾಣವಾಗುತ್ತದೆ. ಪುದುಚೇರಿ ನಂಬರಿನ ಐಷಾರಾಮಿ ಕಾರುಗಳನ್ನು ನಮ್ಮ ಸಾರಿಗೆ ಅಧಿಕಾರಿಗಳು ತಡೆದು ತೆರಿಗೆ ವಸೂಲು ಮಾಡಿದ ಸುದ್ದಿ ನೀವು ಓದಿಯೇ ಇರುತ್ತೀರಿ. ಹಾಗಾಗಿ ಕೆ.ಎ. ನಂಬರ್ ಇಲ್ಲದ ಹಳೆಯ ಐಷಾರಾಮಿ ಕಾರು ನನ್ನ ಮಟ್ಟಿಗೆ ಚರ್ಚೆಗೇ ಅರ್ಹವಲ್ಲ.

ಈಗ ಹೊಸ ಎಸ್‌ಯುವಿಯ ಕಡೆ. ಹತ್ತು ವರ್ಷದ ಹಿಂದೆ ಈ ಪ್ರಶ್ನೆ ಕೇಳಿದ್ದರೆ ಎರಡರ ನಡುವಿನ ಅಂತರ ಕಣ್ಣಿಗೆ ಹೊಡೆಯುತ್ತಿತ್ತು. ಈಗ ಅಷ್ಟಿಲ್ಲ. 2021ರಲ್ಲಿ ಬಂದ ಮಹೀಂದ್ರ ಎಕ್ಸ್‌ಯುವಿ 700ರ ಪೆಟ್ರೋಲ್ ಎಂಜಿನ್ ಶಕ್ತಿ 200 ಅಶ್ವಶಕ್ತಿಯ ಹತ್ತಿರ. ಮುಂದಿನ ವಾಹನ ಹತ್ತಿರವಾದರೆ ತಾನೇ ಬ್ರೇಕು ಹಾಕುವ ವ್ಯವಸ್ಥೆ, ಆರು ಏರ್‌ಬ್ಯಾಗು, ಗಾಳಿಯಾಡುವ ಸೀಟು, ಸುತ್ತಲೂ ಕಾಣುವ ಕ್ಯಾಮೆರಾ ಇವೆಲ್ಲ 20 ಲಕ್ಷದೊಳಗೆ ಸಿಗುತ್ತವೆ. 2017ರ ಆರಂಭಿಕ ದರ್ಜೆಯ ಜರ್ಮನ್ ಎಸ್‌ಯುವಿಯಲ್ಲಿ ಹುಡುಕಿದರೆ ಇವುಗಳಲ್ಲಿ ಅರ್ಧ ಇರುವುದಿಲ್ಲ. ಅಪಘಾತ ಪರೀಕ್ಷೆಗೆ ನಮ್ಮದೇ ಭಾರತ್ ಎನ್‌ಕ್ಯಾಪ್ 2023ರಲ್ಲಿ ಬಂತು. ಮೊದಲು ಐದು ತಾರೆ ಪಡೆದದ್ದು ಟಾಟಾ ಹ್ಯಾರಿಯರ್, ಸಫಾರಿ. ಬಿಡದಿಯ ಹೈಕ್ರಾಸಿಗೂ ಐದು ತಾರೆ ಬಂದಿದೆ. ಗುದ್ದಿದ ಕಾರುಗಳನ್ನು ನೋಡುವವನಾಗಿ ಹೇಳುತ್ತೇನೆ, ಈಗಿನ ಒಳ್ಳೆಯ ದೇಶಿ ಎಸ್‌ಯುವಿಯ ಗೂಡು ಹಿಂದಿನಂತೆ ತಗಡಲ್ಲ.

ಬೆಲೆಯೂ ಇಳಿದಿದೆ. ದೊಡ್ಡ ಎಸ್‌ಯುವಿಗಳ ಮೇಲೆ ಜಿಎಸ್‌ಟಿ ಶೇ. 28, ಅದರ ಮೇಲೆ ಸೆಸ್ಸು 22, ಒಟ್ಟು ಶೇ. 50 ಇತ್ತು. 2025ರ ಸೆಪ್ಟೆಂಬರ್ 22ರಿಂದ ಸೆಸ್ಸು ಹೋಗಿ ಶೇ. 40ಕ್ಕೆ ನಿಂತಿತು. ಹೊಸದು ಅಗ್ಗವಾದಾಗ ಹಳೆಯದೂ ಇಳಿಯಲೇಬೇಕು. ಹಳೆಯ ಕಾರು ಮಾರುವವರು ಅದಕ್ಕೂ ಹಿಂದಿನ ಬೆಲೆಯ ಪಟ್ಟಿ ತೋರಿಸಿದರೆ ನಕ್ಕು ಚೌಕಾಸಿ ಮಾಡಿ. ಮಾರುವ ಸಂಸ್ಥೆ ತನ್ನ ಲಾಭದ ಮೇಲೆ ಶೇ. 18 ಜಿಎಸ್‌ಟಿ ಕಟ್ಟುತ್ತದೆ. ಯಜಮಾನನಿಂದ ನೇರ ಕೊಂಡರೆ ಅದಿಲ್ಲ.

ವಿಮೆ, ಸಾಲದ ಮಾತು ಬೇಗ ಮುಗಿಸುತ್ತೇನೆ. ಹಳೆಯ ಕಾರಿನ ಸಾಲಕ್ಕೆ ಬಡ್ಡಿ ಹೆಚ್ಚು, ಅವಧಿ ಕಡಿಮೆ. ಸವಕಳಿ ಕಳೆಯದೆ ಪೂರ್ತಿ ಹಣ ಕೊಡುವ ಜೀರೊ ಡೆಪ್ರಿಸಿಯೇಷನ್ ವಿಮೆ ಸಾಮಾನ್ಯವಾಗಿ ಐದು ವರ್ಷದವರೆಗಿನ ಕಾರಿಗೆ ಸಿಗುತ್ತದೆ, ಆಮೇಲೆ ಕಷ್ಟ. ಅದಿಲ್ಲದೆ ಬಂಪರ್ ಒಡೆದರೆ ಪ್ಲಾಸ್ಟಿಕ್ಕಿಗೆ ಅರ್ಧ ದುಡ್ಡು ನಿಮ್ಮದೇ. ನೋ ಕ್ಲೇಮ್ ಬೋನಸ್ ಕಾರಿನ ಜೊತೆ ಬರುವುದಿಲ್ಲ, ಮಾರಿದವನ ಜೊತೆ ಹೋಗುತ್ತದೆ. ಇದನ್ನು ಬ್ರೋಕರ್ ಹೇಳುವುದಿಲ್ಲ.

ಹಾಗಂತ ಹಳೆಯ ಐಷಾರಾಮಿ ಕಾರಿನಲ್ಲಿ ಏನೂ ಇಲ್ಲವೆಂದರೆ ಅದು ಅನ್ಯಾಯ. ಬಾಗಿಲು ಮುಚ್ಚಿದ ಕೂಡಲೇ ಹೊರಗಿನ ಸದ್ದು ಅಡಗುತ್ತದೆ. ಎಂಟು ಗಂಟೆ ಕೂತರೂ ಸೊಂಟ ಹಿಡಿಯದ ಸೀಟು. ಹಾಸನ ದಾಟಿ ಶಿರಾಡಿ ಘಾಟಿಯ ತಿರುವಿಗೆ ಇಳಿಯುವಾಗ ಕಾರು ರಸ್ತೆಯನ್ನು ಕಚ್ಚಿ ಹಿಡಿಯುವ ರೀತಿ ಯಾವ ಪಟ್ಟಿಯಲ್ಲೂ ಬರೆಯಲಾಗದ್ದು. ಓಡಿಸುವುದರಲ್ಲಿ ಸುಖ ಕಾಣುವವನಿಗೆ ಹೊಸ ಎಸ್‌ಯುವಿಯ ದೊಡ್ಡ ಪರದೆ ಅದಕ್ಕೆ ಸಮವಲ್ಲ. ಆ ಸುಖಕ್ಕಾಗಿ ಕೊಳ್ಳುವವರ ಮೇಲೆ ನನಗೆ ಗೌರವ. ಬಾನೆಟ್ಟಿನ ಮೇಲಿನ ಲಾಂಛನವನ್ನು ಬೀಗರ ಮನೆಯ ಮುಂದೆ ನಿಲ್ಲಿಸಲು ಕೊಳ್ಳುವವರೂ ಇದ್ದಾರೆ. ಅವರಿಗೆ ನಾನು ಹೇಳುವುದೇನೂ ಇಲ್ಲ, ಅವರು ಕೇಳುವುದೂ ಇಲ್ಲ.

ನನ್ನ ತೀರ್ಪು ಇಷ್ಟು. ಮನೆಗೆಲ್ಲ ಒಂದೇ ಕಾರು, ಅಪ್ಪನನ್ನು ಆಸ್ಪತ್ರೆಗೆ, ಮಕ್ಕಳನ್ನು ಶಾಲೆಗೆ, ಹಬ್ಬಕ್ಕೆ ಊರಿಗೆ ಎಲ್ಲಕ್ಕೂ ಅದೇ ಅಂದರೆ ಹೊಸ ಎಸ್‌ಯುವಿಯನ್ನೇ ತೆಗೆದುಕೊಳ್ಳಿ. ನೀವು ಶಿರಸಿಯಲ್ಲೋ ಕೊಪ್ಪಳದಲ್ಲೋ ಇದ್ದರಂತೂ ಎರಡನೇ ಯೋಚನೆ ಬೇಡ. ಐಷಾರಾಮಿ ಕಾರು ಅಲ್ಲಿ ಕೈಕೊಟ್ಟರೆ ಹುಬ್ಬಳ್ಳಿಗೋ ಬೆಂಗಳೂರಿಗೋ ಲಾರಿ ಏರಿಯೇ ಹೋಗಬೇಕು, ಬಿಡಿಭಾಗ ಬರುವ ತನಕ ಬಸ್ಸೇ ಗತಿ. ಮನೆಯಲ್ಲಿ ಆಗಲೇ ಇನ್ನೊಂದು ವಾಹನವಿದ್ದು, ಬೆಂಗಳೂರು, ಮಂಗಳೂರಿನಂಥ ಊರಿನಲ್ಲಿ ನಂಬಿಕೆಯ ಗ್ಯಾರೇಜಿನ ಪರಿಚಯವಿದ್ದು, ಓಡಿಸುವ ಹುಚ್ಚೂ ಇದ್ದವರು ಹಳೆಯದನ್ನು ಧೈರ್ಯವಾಗಿ ನೋಡಬಹುದು. ಪೆಟ್ರೋಲ್ ಎಂಜಿನ್, ಕೆ.ಎ. ನಂಬರ್, ಒಬ್ಬನೇ ಯಜಮಾನ, ಐದು ವರ್ಷದೊಳಗೆ. ಕಂಪನಿಯೇ ಪರಿಶೀಲಿಸಿ ವಾರಂಟಿ ಕೊಟ್ಟು ಮಾರುವ ಮಳಿಗೆಗಳಿವೆ. ಅಲ್ಲಿ ಒಂದೆರಡು ಲಕ್ಷ ಹೆಚ್ಚಾದರೂ ಆ ಹೆಚ್ಚು ನಿದ್ದೆಯ ಬೆಲೆ. ಕೈಯಲ್ಲಿ 22 ಲಕ್ಷ ಇದ್ದರೆ 22ರ ಕಾರನ್ನು ನೋಡಲೇಬೇಡಿ. 18ರದ್ದು ನೋಡಿ, 4 ಲಕ್ಷ ಬ್ಯಾಂಕಿನಲ್ಲಿರಲಿ. ಆ 4 ಲಕ್ಷ ಕಾರಿನದೇ, ನಿಮ್ಮದಲ್ಲ. ಅದನ್ನು ಎತ್ತಿಡಲಾಗದವರು, ಸಾಲದ ಕಂತಿನಲ್ಲೇ ಇಡೀ ಕಾರನ್ನು ಕೊಳ್ಳುವವರು ಈ ಕಡೆ ಬರಬಾರದು.

ಕೊನೆಗೊಂದು ಕೋರಿಕೆ. ಮುಂಗಡ ಕೊಡುವ ಮೊದಲು ಆರ್‌ಟಿಒದಿಂದ ಬಿ ಎಕ್ಸ್‌ಟ್ರ್ಯಾಕ್ಟ್ ತೆಗೆಸಿ. ಯಜಮಾನ ಎಷ್ಟನೆಯವನು, ಸಾಲ ತೀರಿದೆಯೇ, ತೆರಿಗೆ ಕಟ್ಟಿದೆಯೇ ಎಲ್ಲ ಅದರಲ್ಲಿದೆ. ಸಂಚಾರ ಪೊಲೀಸರ ಬಾಕಿ ದಂಡವನ್ನೂ ನೋಡಿಕೊಳ್ಳಿ. ಸಾಲವಿದ್ದ ಕಾರಾದರೆ ಬ್ಯಾಂಕಿನ ಪತ್ರದ ಜೊತೆ 35ನೇ ನಮೂನೆ, ವರ್ಗಾವಣೆಗೆ 29 ಮತ್ತು 30ನೇ ನಮೂನೆ. ಆರ್‌ಸಿ ನಿಮ್ಮ ಹೆಸರಿಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ. ಸರ್ವೀಸ್ ದಾಖಲೆ ತೋರಿಸಲು ಒಪ್ಪದವನ ಕಾರು ಎಷ್ಟೇ ಹೊಳೆಯುತ್ತಿರಲಿ, ಅವನು ಕೊಟ್ಟ ಕಾಫಿ ಕುಡಿದು ಎದ್ದು ಬನ್ನಿ.